ಯೋಗ, ಹಾಡು ಮತ್ತು ಮೀನಂಗಡಿಯ ತಾಯಿಯ ಪ್ರಶ್ನೆ

ಜೂನ್ 21 ಎಂದೊಡನೆ ಮಂಗಳೂರು ಕಡೆಯ ನಮ್ಮ ಓದುಗ ಬಂಧುಗಳಿಗೆ ನೆನಪಾಗುವುದು ಸಂತ ಅಲೋಶಿಯಸ್ ಗೊನ್ಸಾಗರ ಹಬ್ಬ. ರೋಮ್ ನಗರದಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ, ತಮಗೂ ರೋಗ ತಗುಲಿ, 1591ರಲ್ಲಿ ಇಪ್ಪತ್ತಮೂರರ ವಯಸ್ಸಿಗೇ ಪ್ರಭುವನ್ನು ಸೇರಿದ ಯುವಕ ಅವರು. ಈಚಿನ ವರ್ಷಗಳಲ್ಲಿ ಅದೇ ದಿನಕ್ಕೆ ಇನ್ನೆರಡು ಹಬ್ಬಗಳು ಬಂದು ಸೇರಿಕೊಂಡಿವೆ. 1982ರಲ್ಲಿ ಫ್ರಾನ್ಸ್ ದೇಶ ಆ ದಿನವನ್ನು ಬೀದಿಬೀದಿಯಲ್ಲಿ ಹಾಡುವ ದಿನವೆಂದು ಆರಂಭಿಸಿತು. ಇಂದು ಅದು ವಿಶ್ವ ಸಂಗೀತ ದಿನ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಅದೇ ದಿನವನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಸಾರಿತು. ಹೀಗೆ ಯೋಗವೂ ಸಂಗೀತವೂ ಕ್ಯಾಲೆಂಡರಿನ ಒಂದೇ ಚೌಕದಲ್ಲಿ ಕುಳಿತಿವೆ. ಹೊರದೇಶಗಳಲ್ಲಂತೂ ಇವೆರಡನ್ನೂ ಒಂದೇ ಚಪ್ಪರದಡಿ ಕೂಡಿಸುವ ಉತ್ಸವಗಳು ಹೆಚ್ಚುತ್ತಿವೆ. ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ ಎಂಬುದು ನಮಗೆ ಗೊತ್ತಾದದ್ದು ಮೀನಂಗಡಿಯಲ್ಲಿ.

ಮೀನಂಗಡಿ ವಯನಾಡಿನ ಒಂದು ಪೇಟೆ. ಕಲ್ಪೆಟ್ಟ ಮತ್ತು ಸುಲ್ತಾನ್ ಬತ್ತೇರಿಯ ನಡುವೆ, ಕೋಳಿಕ್ಕೋಡಿನಿಂದ ಮೈಸೂರು ಕಡೆಗೆ ಬರುವ ಹೆದ್ದಾರಿಯ ಮೇಲಿದೆ. ಸುತ್ತ ಕಾಫಿ, ಮೆಣಸು, ಅಡಿಕೆ. ಇಂಗಾಲ ಸಮತೋಲನದ ಪಂಚಾಯತಿ ಆಗಬೇಕೆಂದು 2016ರಲ್ಲಿ ಹೊರಟು, ಮರಗಳನ್ನೇ ಅಡವಾಗಿಟ್ಟುಕೊಂಡು ರೈತರಿಗೆ ಸಾಲ ಕೊಡುವ ಯೋಜನೆ ಮಾಡಿದ ಊರು ಇದು. ಇಲ್ಲಿನವರಿಗೆ ಕನ್ನಡ ಹೊಸದಲ್ಲ. ವಯನಾಡಿನ ರೈತರು ಗಡಿ ದಾಟಿ ಬಂದು ಮೈಸೂರು, ಚಾಮರಾಜನಗರ, ಕೊಡಗು, ಹಾಸನ ಜಿಲ್ಲೆಗಳಲ್ಲಿ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವುದನ್ನು ನೀವೆಲ್ಲರೂ ನೋಡಿದ್ದೀರಿ. ಹಾಗೆ ಬಂದು ನಮ್ಮ ಧರ್ಮಕೇಂದ್ರದಲ್ಲಿ ಹಲವು ವರ್ಷ ಇದ್ದ ಒಂದು ಕುಟುಂಬ ಈಗ ಮೀನಂಗಡಿಗೆ ಮರಳಿದೆ. ಮಗಳು ಕನ್ನಡ ಶಾಲೆಯಲ್ಲಿ ಓದಿ, ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ, ಆಸ್ಟ್ರೇಲಿಯಾದ ಪರ್ತ್ ನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ.

ಅವರ ಮನೆಗೆ ನಾವು ಹೋದಾಗ ತಾಯಿ ಊಟಕ್ಕೂ ಮೊದಲು ಪ್ರಶ್ನೆ ಇಟ್ಟರು: "ಅಚ್ಚೋ, ಇವಳು ರಜೆಗೆ ಬಾಲಿಗೆ ಹೋಗ್ತಾಳಂತೆ. ಅಲ್ಲಿ ಐದು ದಿನ ಯೋಗ, ರಾತ್ರಿಯೆಲ್ಲ ಹಾಡು ಕುಣಿತ. ಇದು ಪಾಪ ಅಲ್ವಾ?" ತಂದೆ ನಕ್ಕು, "ಮೈಸೂರಲ್ಲಿ ಓದುವಾಗ ಪಕ್ಕದ ಬೀದಿಯಲ್ಲೇ ಯೋಗ ಇತ್ತು, ಆಗ ಹೋಗಲಿಲ್ಲ. ಈಗ ವಿಮಾನ ಹತ್ತಿ ಹೋಗಬೇಕಾ?" ಎಂದರು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಹೊರಡುವ ಅವಸರ ನಮಗೆ. ಅರ್ಧ ಉತ್ತರ ಕೊಟ್ಟು ಬರುವುದಕ್ಕಿಂತ, ಮಗಳಿಗೇ ಬರೆಯುತ್ತೇವೆ ಎಂದು ಹೇಳಿ ಬಂದೆವು. ಬರೆಯುವ ಮೊದಲು ಸ್ವಲ್ಪ ಓದಬೇಕಾಯಿತು.

ತಂದೆಯ ನಗೆಮಾತಿನಲ್ಲಿ ದೊಡ್ಡ ಸತ್ಯವಿತ್ತು. ಇಂದು ಪ್ರಪಂಚದಾದ್ಯಂತ ಚಾಪೆ ಹಾಸಿ ಕಲಿಸುವ ಯೋಗದ ಬಹುಪಾಲು ಬೇರು ಮೈಸೂರಿನಲ್ಲಿದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಕೊಟ್ಟದ್ದು 1933ರಲ್ಲಿ. ಅಲ್ಲಿ ಕಲಿತವರಲ್ಲಿ ಹಾಸನ ಜಿಲ್ಲೆಯ ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು, ಮುಂದೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದ ಇಂದ್ರಾದೇವಿ ಎಂಬ ಯುರೋಪಿಯನ್ ಮಹಿಳೆ ಇದ್ದರು. ಜೋಯಿಸರ ಅಷ್ಟಾಂಗ ಪದ್ಧತಿಯ ಹೆಸರೇ ಹೊರದೇಶಗಳಲ್ಲಿ 'ಮೈಸೂರು ಶೈಲಿ' ಎಂದಾಗಿದೆ. ಗೋಕುಲಂ ಬಡಾವಣೆಯಲ್ಲಿ ಚಾಪೆ ಹೆಗಲಿಗೇರಿಸಿ ನಡೆಯುವ ವಿದೇಶಿಯರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಗೀತ ಇದಕ್ಕೆ ಜೊತೆಯಾದದ್ದು ಹೇಗೆ? ಇದರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅವರ ಪಾತ್ರ ದೊಡ್ಡದು. 1952ರಲ್ಲಿ ಮುಂಬಯಿಗೆ ಬಂದಿದ್ದ ಅವರು ದಣಿದು ಹೋಗಿದ್ದರು, ನಿದ್ದೆಯಿರಲಿಲ್ಲ. ಅಯ್ಯಂಗಾರರು ಕೆಲವೇ ನಿಮಿಷದಲ್ಲಿ ಅವರನ್ನು ವಿಶ್ರಾಂತಿಗೆ ಇಳಿಸಿದರು. ಮೆನುಹಿನ್ ಅವರನ್ನು ಯುರೋಪಿಗೆ ಕರೆಸಿಕೊಂಡರು, ಕೈಗಡಿಯಾರ ಕಾಣಿಕೆ ಕೊಟ್ಟು ತಮ್ಮ ಪಿಟೀಲು ಗುರುವೆಂದೇ ಕೊಂಡಾಡಿದರು. ಅದೇ ಮೆನುಹಿನ್ ಪಂಡಿತ ರವಿಶಂಕರರ ಜೊತೆ ಕೂಡಿ ನುಡಿಸಿದ ಧ್ವನಿಮುದ್ರಿಕೆ ಪಶ್ಚಿಮದ ಮನೆಮನೆಗೆ ಸಿತಾರನ್ನು ತಂದಿತು. 1969ರ ಆಗಸ್ಟ್ 15ರಂದು ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜನಸಾಗರಕ್ಕೆ ಆಶೀರ್ವಚನ ನೀಡಿದವರು ಯೋಗಗುರು ಸ್ವಾಮಿ ಸಚ್ಚಿದಾನಂದರು. ಆ ರಾತ್ರಿ ಸಿತಾರ್ ನುಡಿಸಿದವರು ರವಿಶಂಕರರು. 1982ರಲ್ಲಿ ಇಂಗ್ಲೆಂಡಿನಲ್ಲಿ ವೊಮ್ಯಾಡ್ ಎಂಬ ಉತ್ಸವ ಎಲ್ಲ ಖಂಡಗಳ ಹಾಡುಗಾರರನ್ನು ಒಂದೆಡೆ ತಂದಿತು. ಇನ್ನು 'ವಿಶ್ವ ಸಂಗೀತ' ಎಂಬ ಹೆಸರು? 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಕೂತ ಧ್ವನಿಮುದ್ರಿಕೆ ಕಂಪನಿಗಳವರು, ಅಂಗಡಿಯವನು ಈ ತಟ್ಟೆಗಳನ್ನು ಯಾವ ಗೂಡಿನಲ್ಲಿ ಇಡಬೇಕೆಂದು ತಿಳಿಯಲೆಂದು ಇದನ್ನು ಒಪ್ಪಿ ಪ್ರಚಾರಕ್ಕೆ ತಂದರು. ಅಂದರೆ ಹೆಸರಿನ ಹಿಂದೆ ಗೂಢವೇನಿಲ್ಲ, ವ್ಯಾಪಾರವಿದೆ.

ಬಾಲಿಯ ಉಬುದ್ ಊರಿನಲ್ಲಿ 2008ರಿಂದ ಇಂಥ ಹೆಸರಾಂತ ಉತ್ಸವವೊಂದು ನಡೆಯುತ್ತ ಬಂದಿದೆ. ಕೋವಿಡ್ ಕಾಲದಲ್ಲಿ ನಿಂತು ಮತ್ತೆ ಶುರುವಾಯಿತು. ಅದರ ಮಾದರಿಯಲ್ಲಿ ಚಿಕ್ಕಪುಟ್ಟವು ಬೇಕಾದಷ್ಟಿವೆ. ಬೆಳಗ್ಗೆ ಆಸನ, ಪ್ರಾಣಾಯಾಮ. ಮಧ್ಯಾಹ್ನ ಉಪನ್ಯಾಸ, ನೃತ್ಯ, ಗಂಟೆ ಜಾಗಟೆಗಳ ನಾದದಿಂದ ಚಿಕಿತ್ಸೆ ಎಂಬಂಥವು. ಸಂಜೆ ಕೀರ್ತನೆ, ಆಮೇಲೆ ಆಫ್ರಿಕಾದ ಡೋಲು, ಬಾಲಿಯ ಗಾಮೆಲಾನ್. ಇದೆಲ್ಲವೂ ಒಂದೇ ಟಿಕೆಟ್ಟಿಗೆ.

ಈಗ ತಾಯಿಯ ಪ್ರಶ್ನೆಗೆ ಬರೋಣ. ಧರ್ಮಸಭೆ ಈ ಬಗ್ಗೆ ಏನೂ ಹೇಳಿಲ್ಲ ಎಂದುಕೊಂಡವರು ಇದ್ದಾರೆ. ಎಲ್ಲವನ್ನೂ ನಿಷೇಧಿಸಿದೆ ಎಂದು ಪ್ರಚಾರ ಮಾಡುವವರೂ ಇದ್ದಾರೆ. ಎರಡೂ ಸರಿಯಲ್ಲ. 1989ರ ಅಕ್ಟೋಬರ್ 15ರಂದು, ಅವಿಲಾದ ಸಂತ ತೆರೇಸಮ್ಮನವರ ಹಬ್ಬದ ದಿನ, ಆಗ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್ ಅವರ ಸಹಿಯಲ್ಲಿ ಕ್ರೈಸ್ತ ಧ್ಯಾನದ ಬಗ್ಗೆ ವ್ಯಾಟಿಕನ್ ಪತ್ರವೊಂದು ಹೊರಟಿತು. ಪರಧರ್ಮದ್ದು ಎಂಬ ಒಂದೇ ಕಾರಣಕ್ಕೆ ಯಾವ ಪದ್ಧತಿಯನ್ನೂ ತಳ್ಳಿಹಾಕಬೇಡಿ, ಉಪಯುಕ್ತವಾದುದನ್ನು ತೆಗೆದುಕೊಳ್ಳಬಹುದು, ಆದರೆ ಪ್ರಾರ್ಥನೆಯ ಕ್ರೈಸ್ತ ತಿರುಳು ಮಸುಕಾಗಬಾರದು ಎಂಬುದು ಅದರ ಸಾರ. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅದರ ಇನ್ನೊಂದು ಮಾತು: ದೇಹದ ವ್ಯಾಯಾಮದಿಂದ ತಾನಾಗಿಯೇ ಒಂದು ಶಾಂತಿ, ಹಿತವಾದ ಬಿಸುಪು, ಬೆಳಕಿನ ಅನುಭವ ಬರಬಹುದು, ಅದನ್ನೇ ಪವಿತ್ರಾತ್ಮರ ಸಾಂತ್ವನವೆಂದು ಭಾವಿಸುವುದು ಪೂರ್ತಿ ತಪ್ಪು. ಇದು ಯೋಗಕ್ಕೆ ಮಾತ್ರವಲ್ಲ, ನಮ್ಮ ಧ್ಯಾನಕೂಟಗಳಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ಮೈ ಜುಮ್ಮೆನ್ನುವುದಕ್ಕೂ ಅನ್ವಯಿಸಬೇಕಾದ ಮಾತು.

2003ರ ಫೆಬ್ರವರಿಯಲ್ಲಿ ನವಯುಗ ಪಂಥಗಳ ಬಗ್ಗೆ ಬಂದ ಇನ್ನೊಂದು ಪತ್ರ ಸಮಾರ್ಯದ ಸ್ತ್ರೀ ಬಾವಿಯ ಬಳಿ ಯೇಸುವನ್ನು ಕಂಡ ಪ್ರಸಂಗವನ್ನು ಮುಂದಿಟ್ಟು, ದೇವರನ್ನು ಹೆಸರಿಲ್ಲದ 'ಶಕ್ತಿ'ಯಾಗಿ, ಮನುಷ್ಯನನ್ನೇ ದೇವರಾಗಿ ಮಾಡುವ ಬೋಧನೆಯನ್ನು ಎಚ್ಚರಿಸುತ್ತದೆ. 2015ರ ಜನವರಿ 9ರ ಪ್ರಬೋಧನೆಯಲ್ಲಿ ಅಂದಿನ ಪೋಪ್ ಫ್ರಾನ್ಸಿಸ್, ಯೋಗದ ಎಷ್ಟು ತರಗತಿಗಳೂ ದೇವರ ಮಕ್ಕಳ ಬಿಡುಗಡೆಯನ್ನು ಕೊಡಲಾರವು ಎಂದರು. ಇದನ್ನು ಹಲವರು ಹಂಚಿದ್ದಾರೆ. ಅದೇ ಉಸಿರಿನಲ್ಲಿ ಅವರು ಧರ್ಮೋಪದೇಶದ ತರಗತಿಗಳ ಹೆಸರನ್ನೂ ಹೇಳಿದ್ದನ್ನು ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ!

ಇನ್ನು ದೇಹದ ಭಂಗಿ, ದೇಶೀ ರಾಗ ಎಂದರೇ ಹೆದರಬೇಕೆ? ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ 1969ರ ಏಪ್ರಿಲ್‌ನಲ್ಲಿ ಭಾರತದ ಬಲಿಪೂಜೆಗೆ ಹನ್ನೆರಡು ಅಳವಡಿಕೆಗಳಿಗೆ ರೋಮ್ ಒಪ್ಪಿಗೆ ನೀಡಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು, ಅಂಜಲಿ ಮುದ್ರೆ, ಪಂಚಾಂಗ ಪ್ರಣಾಮ, ಆರತಿ ಇವೆಲ್ಲ ಅದರಲ್ಲಿದ್ದವು. ಅದರ ಹಿಂದೆ ದುಡಿದ ಫಾದರ್ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ 1967ರಲ್ಲಿ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. ಕೇರಳದ ವಾಗಮಣ್‌ನಲ್ಲಿ 1958ರಲ್ಲಿ ಬೆಲ್ಜಿಯಂನ ಫ್ರಾನ್ಸಿಸ್ ಆಚಾರ್ಯರು ಆರಂಭಿಸಿದ ಕುರಿಶುಮಲ ಆಶ್ರಮದ ಹೆಸರನ್ನು ಮೀನಂಗಡಿಯ ಆ ತಾಯಿಯೂ ಕೇಳಿದ್ದರು.

ಇವನ್ನೆಲ್ಲ ಓದಿ ನಾವು ಮಗಳಿಗೆ ಬರೆದೆವು. ಬೆನ್ನುನೋವಿಗೆ ಆಸನ ಮಾಡು, ಅದರಲ್ಲಿ ಪಾಪವಿಲ್ಲ. ಅಷ್ಟಾಂಗ ತರಗತಿಗಳು ಗುರುವನ್ನೂ ಪತಂಜಲಿಯನ್ನೂ ವಂದಿಸುವ ಸಂಸ್ಕೃತ ಶ್ಲೋಕದಿಂದ ಆರಂಭವಾಗುತ್ತವೆ. ಆ ಹೊತ್ತಿಗೆ ಸುಮ್ಮನೆ ನಿಂತಿರು, ಯಾರನ್ನೂ ಹೀಗಳೆಯಬೇಡ. ಕೀರ್ತನೆ ಬೇರೆಯವರ ಪ್ರಾರ್ಥನೆ. ಕೇಳುವುದು ಬೇರೆ, ಪೂಜಿಸುವುದು ಬೇರೆ. ನಂಬಿಕೆಯಿಲ್ಲದೆ ಅವರ ದೇವರ ಹೆಸರನ್ನು ಪಾಶ್ಚಾತ್ಯರಂತೆ ಮೋಜಿಗೆ ಹಾಡುವುದು ಹಿಂದೂ ಬಂಧುಗಳಿಗೂ ಗೌರವ ತರುವುದಿಲ್ಲ. ದೀಕ್ಷೆ, ಪೂರ್ವಜನ್ಮದ ಶುದ್ಧೀಕರಣ, ಹಣ ಕಟ್ಟಿದರೆ ಗುಣವಾಗುತ್ತದೆ ಎನ್ನುವ ಕಡೆ ಎದ್ದು ಬಾ. ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದೆವು: ಯಾವ ಗುರುವೇ ಆಗಲಿ, ಆಸನ ತಿದ್ದುವ ನೆಪದಲ್ಲಿ ನಿನ್ನ ಒಪ್ಪಿಗೆಯಿಲ್ಲದೆ ಮುಟ್ಟಿದರೆ ಬೇಡವೆನ್ನು. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೆ ಹಲವು ಶಿಷ್ಯೆಯರು ಅವರು ಅನುಚಿತವಾಗಿ ಮುಟ್ಟುತ್ತಿದ್ದರೆಂದು ಬಹಿರಂಗವಾಗಿ ಆರೋಪಿಸಿದರು. ಮೊಮ್ಮಗ ಶರತ್ ಜೋಯಿಸ್ 2019ರಲ್ಲಿ ಅದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಗುರು ಎಂಬ ಪದದ ಮರೆಯಲ್ಲಿ ಏನೇನು ನಡೆಯಬಲ್ಲದು ಎಂಬುದು ನಮ್ಮ ಧರ್ಮಸಭೆಗೂ ಕಹಿಯಾಗಿಯೇ ಗೊತ್ತಿದೆ. ಇನ್ನೊಬ್ಬರ ಕಡೆ ಬೆರಳು ತೋರಿಸಲು ನಾವಿದನ್ನು ಬರೆಯುತ್ತಿಲ್ಲ.

ಪತ್ರದ ಕೊನೆಗೆ ಬಾಲಿಯ ಕಥೋಲಿಕರ ಬಗ್ಗೆಯೂ ಬರೆದೆವು. ಪಶ್ಚಿಮ ಬಾಲಿಯಲ್ಲಿ ಪಲಸಾರಿ ಎಂಬ ಕಥೋಲಿಕ ಹಳ್ಳಿಯಿದೆ. 1940ರಲ್ಲಿ ಡಚ್ ಗುರು ಸೈಮನ್ ಬೌಸ್ ಕೆಲವು ಕುಟುಂಬಗಳೊಡನೆ ಕಾಡು ಕಡಿದು ಕಟ್ಟಿದ ಊರು. ಯೇಸುವಿನ ಪವಿತ್ರ ಹೃದಯದ ಅಲ್ಲಿನ ದೇವಾಲಯದ ಗೋಪುರಗಳು ಬಾಲಿಯ ವಾಸ್ತುಶೈಲಿಯಲ್ಲಿವೆ. ಕ್ರಿಸ್ತಜಯಂತಿಗೆ ಜನ ಬಿದಿರ ಗಳುಗಳನ್ನು ತೆಂಗಿನ ಗರಿಗಳಿಂದ ಸಿಂಗರಿಸಿ ನಿಲ್ಲಿಸುತ್ತಾರೆ, ಸಾಂಪ್ರದಾಯಿಕ ಉಡುಪಿನಲ್ಲಿ ಬರುತ್ತಾರೆ, ಗಾಮೆಲಾನ್ ನುಡಿಸುತ್ತಾರೆ. ವಿಶ್ವ ಸಂಗೀತ ಕೇಳಲು ಹೋದವಳು ಅದನ್ನೂ ಕೇಳಬೇಡವೇ?

ಪಲಸಾರಿ ಉಬುದ್‌ನಿಂದ ಬಹಳ ದೂರ, ಆಕೆಗೆ ಹೋಗಲಾಗಲಿಲ್ಲ. ಭಾನುವಾರ ದೆನ್‌ಪಸಾರ್‌ಗೆ ಬಂದು ಬಲಿಪೂಜೆಯಲ್ಲಿ ಭಾಗವಹಿಸಿದಳು. ಹಿಂದಿರುಗಿ ಫೋನ್ ಮಾಡಿ, "ಫಾದರ್, ಆಸನದ್ದು ಬಿಡಿ, ಅದೇನೂ ದೊಡ್ಡ ವಿಷಯ ಅಲ್ಲ. ಅಲ್ಲಿ ಮೊದಲ ದಿನವೇ ಒಬ್ಬರು ಪಕ್ಕದಲ್ಲಿ ಕೂತು ನನ್ನ ಹೆಸರು ಕೇಳಿದರು. ಪರ್ತ್‌ನ ಚರ್ಚಿಗೆ ಎರಡು ವರ್ಷ ಹೋದೆ, ಯಾರೂ ಕೇಳಲಿಲ್ಲ. ಆಮೇಲೆ ಹೋಗೋದು ಬಿಟ್ಟೆ" ಎಂದಳು.

ತಾಯಿ ಹೆದರಿದ್ದು ಯೋಗಕ್ಕೆ. ಮಗಳು ಪೂಜೆ ಬಿಟ್ಟು ಎಷ್ಟೋ ತಿಂಗಳಾಗಿತ್ತು, ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾತ್ರಿಪಾಳಿ ಮುಗಿಸಿ ಖಾಲಿ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುವ ನಮ್ಮ ದಾದಿಯರು ಹೊರದೇಶಗಳಲ್ಲಿ ಎಷ್ಟೋ ಮಂದಿ. ಅವರಿಗೆ ಆ ಚಪ್ಪರದಡಿಯಲ್ಲಿ ಸಿಗುವುದು ಸಿದ್ಧಾಂತವಲ್ಲ, ಜೊತೆ. ಅದನ್ನು ನಾವು ಕೊಡದೆ, ಚಾಪೆಯ ಮೇಲೆ ಕೂತದ್ದಕ್ಕೆ ಬೈದರೆ ಅವರು ಕೇಳುವುದಾದರೂ ಯಾಕೆ?

ನಮ್ಮ ಪಾಲನಾ ಮಂಡಳಿಯ ಸಭೆಯಲ್ಲಿ ಇದನ್ನು ಚರ್ಚಿಸಿ ಒಂದು ಕ್ರಮ ಮಾಡಿದ್ದೇವೆ. ಓದಲಿಕ್ಕೋ ದುಡಿಯಲಿಕ್ಕೋ ಹೊರದೇಶಕ್ಕೆ ಹೋಗುವವರ ಹೆಸರು, ಹೋಗುವ ನಗರ, ಕೆಲಸದ ವೇಳೆ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಸಿಕೊಂಡು, ಅಲ್ಲಿನ ಧರ್ಮಕೇಂದ್ರದ ಗುರುಗಳಿಗೆ ನಾವೇ ಪತ್ರ ಹಾಕುತ್ತೇವೆ. ಮೂರು ತಿಂಗಳಿಗೊಮ್ಮೆ ಯುವಕೂಟದವರು ಅವರಿಗೆ ಫೋನ್ ಮಾಡುತ್ತಾರೆ. ತಂದೆತಾಯಿಯರು ಭಾನುವಾರ ಎರಡನೇ ಪೂಜೆಯ ನಂತರ ಬಂದು ಬರೆಸಬಹುದು. ಮೊದಲ ಪುಟ ಆಗಲೇ ತುಂಬಿದೆ: ಕುವೈತ್, ದುಬೈ, ಡಬ್ಲಿನ್, ಲಂಡನ್, ಪರ್ತ್.