ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್: ಗೇರ್ ಬದಲಾವಣೆ ಮತ್ತು ಉಪಕರಣ ಜೋಡಣೆಯ ಸರಿಯಾದ ಕ್ರಮ

ತೋಟ, ಉದ್ಯಾನ ಮತ್ತು ಸಣ್ಣ ಹಿಡುವಳಿಗಳ ಕೆಲಸಕ್ಕೆ ಒದಗುವ ಕಂಪ್ಯಾಕ್ಟ್ ಟ್ರ್ಯಾಕ್ಟರುಗಳ ಪೈಕಿ ಹೈಡ್ರೋಸ್ಟಾಟಿಕ್ ಮಾದರಿಯು ಚಾಲನೆಗೆ ಅತ್ಯಂತ ಸುಲಭವಾದುದೆಂದು ಹೆಸರು ಪಡೆದಿದೆ. ಮತ್ತೆ ಮತ್ತೆ ಕ್ಲಚ್ಚು ತುಳಿದು ಗೇರ್ ಬದಲಿಸುವ ಶ್ರಮ ಇದರಲ್ಲಿ ಇಲ್ಲ. ಆದರೆ ಈ ಸೌಲಭ್ಯವೇ ಎಷ್ಟೋ ವೇಳೆ ನಷ್ಟಕ್ಕೂ ದಾರಿಯಾಗುತ್ತದೆ. ಗೇರ್ ಟ್ರ್ಯಾಕ್ಟರಿನಲ್ಲಿ ಪಳಗಿದ ಚಾಲಕನು ಅದೇ ಅಭ್ಯಾಸವನ್ನು ಇಲ್ಲಿಯೂ ಮುಂದುವರಿಸಿದರೆ ಗೇರಿನ ಹಲ್ಲುಗಳು ಸವೆಯುತ್ತವೆ, ಎಣ್ಣೆ ಮಿತಿಮೀರಿ ಕಾಯುತ್ತದೆ, ಉಪಕರಣದ ಶಾಫ್ಟು ತಿರುಚಿಕೊಳ್ಳುತ್ತದೆ. ಆಗ ತಪ್ಪು ಯಂತ್ರದ್ದೋ ಚಾಲಕನದ್ದೋ ಎಂಬ ವಿವಾದ ಬಂದು ನಿಲ್ಲುವುದು ವರ್ತಕರ ಬಾಗಿಲಿಗೆ. ಆದಕಾರಣ ಈ ಯಂತ್ರದ ಕಾರ್ಯವಿಧಾನವನ್ನು ಮಾರಾಟಗಾರರೂ ಉಪಕರಣ ತಯಾರಕರೂ ಸ್ಪಷ್ಟವಾಗಿ ತಿಳಿದಿರುವುದು ಅಗತ್ಯ.

ಹಿನ್ನೆಲೆ

ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು 1967ರಲ್ಲಿ ತನ್ನ 656 ಮಾದರಿಯ ಟ್ರ್ಯಾಕ್ಟರಿನಲ್ಲಿ ಹೈಡ್ರೋಸ್ಟಾಟಿಕ್ ಚಾಲನೆಯನ್ನು ಅಳವಡಿಸಿ ಮಾರುಕಟ್ಟೆಗೆ ತಂದಿತು. ಮುಂದೆ ಹುಲ್ಲು ಕತ್ತರಿಸುವುದು, ಮಣ್ಣು ತುಂಬುವುದು ಮುಂತಾದ ಕೆಲಸಗಳಿಗೆ ಬಳಸುವ ಸಣ್ಣ ಟ್ರ್ಯಾಕ್ಟರುಗಳಲ್ಲಿ ಈ ವ್ಯವಸ್ಥೆಯು ಅಲ್ಲಿ ವ್ಯಾಪಕವಾಯಿತು. ನಮ್ಮ ದೇಶದಲ್ಲಿ ಮಾರಾಟವಾಗುವ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಇಂದಿಗೂ ಗೇರ್ ಮಾದರಿಯವೇ. ಆದರೂ ಕುಳಿತು ಓಡಿಸುವ ಭತ್ತದ ನಾಟಿ ಯಂತ್ರಗಳಲ್ಲಿ ಇದೇ ತತ್ವ ಬಳಕೆಯಲ್ಲಿರುವುದರಿಂದ ನಮ್ಮ ರೈತರಿಗೆ ಇದು ಪೂರ್ಣ ಅಪರಿಚಿತವೇನಲ್ಲ.

ಕಾರ್ಯವಿಧಾನ

ಗೇರ್ ಟ್ರ್ಯಾಕ್ಟರಿನಲ್ಲಿ ಇಂಜಿನ್ನಿನ ಶಕ್ತಿಯು ಹಲ್ಲುಚಕ್ರಗಳ ಮೂಲಕ ಗಾಲಿಗೆ ತಲುಪುತ್ತದೆ. ಹೈಡ್ರೋಸ್ಟಾಟಿಕ್‌ನಲ್ಲಿ ಇಂಜಿನ್ನು ಒಂದು ಪಿಸ್ಟನ್ ಪಂಪನ್ನು ತಿರುಗಿಸುತ್ತದೆ. ಪಂಪು ಒತ್ತಡದಲ್ಲಿ ತಳ್ಳಿದ ಎಣ್ಣೆಯು ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ. ಮೋಟಾರಿನಿಂದ ಶಕ್ತಿಯು ಎರಡು ಅಥವಾ ಮೂರು ಹಂತಗಳ ರೇಂಜ್ ಗೇರಿನ ಮೂಲಕ ಗಾಲಿಗೆ ಸಾಗುತ್ತದೆ. ಕಾಲಿನ ಪೆಡಲ್ಲು ಪಂಪಿನೊಳಗಿನ ಓರೆ ತಟ್ಟೆಯ ಕೋನವನ್ನು ಬದಲಿಸುತ್ತದೆ. ಕೋನ ಹೆಚ್ಚಿದಂತೆ ಎಣ್ಣೆಯ ಹರಿವೂ ವೇಗವೂ ಹೆಚ್ಚುತ್ತವೆ. ತಟ್ಟೆಯು ಎದುರು ದಿಕ್ಕಿಗೆ ಓರೆಯಾದರೆ ಟ್ರ್ಯಾಕ್ಟರು ಹಿಂದಕ್ಕೆ ಚಲಿಸುತ್ತದೆ.

ಹೀಗಾಗಿ ಚಾಲಕನ ಹತೋಟಿಯಲ್ಲಿರುವ ಮೂರು ಸಾಧನಗಳಿಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಕೈ ಥ್ರಾಟಲ್ಲು ಇಂಜಿನ್ನಿನ ವೇಗವನ್ನು, ಅದರ ಮೂಲಕ ಉಪಕರಣದ ವೇಗವನ್ನು ನಿರ್ಧರಿಸುತ್ತದೆ. ಪೆಡಲ್ಲು ನೆಲದ ಮೇಲಿನ ವೇಗವನ್ನೂ ದಿಕ್ಕನ್ನೂ ನಿರ್ಧರಿಸುತ್ತದೆ. ರೇಂಜ್ ಲಿವರು ಎಳೆಯುವ ಬಲವನ್ನು ನಿರ್ಧರಿಸುತ್ತದೆ. ಈ ಮೂರನ್ನು ಒಂದಕ್ಕೊಂದು ಬೆರೆಸುವುದೇ ಬಹುತೇಕ ದುರಸ್ತಿಗಳ ಮೂಲ.

ರೇಂಜ್ ಬದಲಿಸುವ ಕ್ರಮ

ರೇಂಜ್ ಗೇರು ಕಾರಿನ ಗೇರಿನಂತೆ ಓಡುತ್ತಿರುವಾಗ ಬದಲಿಸತಕ್ಕದ್ದಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಹೊಂದಿಸುವ ಸಿಂಕ್ರೋ ವ್ಯವಸ್ಥೆ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚಲಿಸುವಾಗ ಲಿವರನ್ನು ಎಳೆದರೆ ಹಲ್ಲಿನ ತುದಿಗಳು ಒಂದಕ್ಕೊಂದು ಬಡಿದು ಚಕ್ಕೆ ಏಳುತ್ತವೆ. ಮೊದಲು ಪೆಡಲ್ಲಿನಿಂದ ಕಾಲು ತೆಗೆದು, ಟ್ರ್ಯಾಕ್ಟರನ್ನು ಪೂರ್ಣವಾಗಿ ನಿಲ್ಲಿಸಿ, ಬ್ರೇಕ್ ಹಿಡಿದು, ಅನಂತರ ಲಿವರನ್ನು ಬದಲಿಸಬೇಕು. ಲಿವರು ಕೂಡದಿದ್ದರೆ ಬಲವಂತ ಮಾಡಬಾರದು. ಪೆಡಲ್ಲನ್ನು ಕ್ಷಣಮಾತ್ರ ಮೆಲ್ಲಗೆ ಮುಟ್ಟಿ ಬಿಟ್ಟರೆ ಹಲ್ಲುಗಳ ಸ್ಥಾನ ಸ್ವಲ್ಪ ಸರಿದು ಸುಲಭವಾಗಿ ಕೂಡುತ್ತವೆ.

ಇಳಿಜಾರಿನಲ್ಲಿ ರೇಂಜ್ ಬದಲಿಸುವುದು ಅಪಾಯಕರ. ಪೆಡಲ್ಲು ಬಿಟ್ಟೊಡನೆ ಟ್ರ್ಯಾಕ್ಟರನ್ನು ತಡೆದು ನಿಲ್ಲಿಸುವುದು ಎಣ್ಣೆಯ ಒತ್ತಡ. ರೇಂಜ್ ಲಿವರು ನ್ಯೂಟ್ರಲ್‌ಗೆ ಬಂದೊಡನೆ ಗಾಲಿಗೂ ಮೋಟಾರಿಗೂ ಇರುವ ಸಂಬಂಧ ಕಡಿದು ಆ ತಡೆ ಇಲ್ಲವಾಗುತ್ತದೆ. ಇಂಜಿನ್ ನಿಲ್ಲಿಸಿದ ಮೇಲೂ ಎಣ್ಣೆಯು ಸೋರಿ ಟ್ರ್ಯಾಕ್ಟರು ನಿಧಾನವಾಗಿ ಜಾರಬಹುದಾದ್ದರಿಂದ ಪಾರ್ಕಿಂಗ್ ಬ್ರೇಕ್ ಹಾಕದೆ ಆಸನ ಬಿಟ್ಟು ಇಳಿಯಬಾರದು.

ಹೊರೆ ಹೆಚ್ಚಿದಾಗ

ಹೊಸ ಚಾಲಕರು ಸಾಮಾನ್ಯವಾಗಿ ಮಾಡುವ ಇನ್ನೊಂದು ತಪ್ಪೆಂದರೆ ಹೊರೆ ಹೆಚ್ಚಿ ಇಂಜಿನ್ ಕುಗ್ಗಿದಾಗ ಪೆಡಲ್ಲನ್ನು ಇನ್ನಷ್ಟು ತುಳಿಯುವುದು. ಇಲ್ಲಿ ಪೆಡಲ್ಲು ಆಕ್ಸಿಲರೇಟರ್ ಅಲ್ಲ. ಹೆಚ್ಚು ತುಳಿದಷ್ಟೂ ವೇಗಕ್ಕೆ ಹರಿವು ಹೆಚ್ಚುತ್ತದೆಯೇ ಹೊರತು ಬಲ ಹೆಚ್ಚುವುದಿಲ್ಲ. ಪೆಡಲ್ಲನ್ನು ಸಡಿಲಿಸಿದರೆ ಹರಿವು ಕಡಿಮೆಯಾಗಿ, ಅದೇ ಇಂಜಿನ್ ಶಕ್ತಿಯಿಂದ ಹೆಚ್ಚು ಒತ್ತಡ, ಅಂದರೆ ಹೆಚ್ಚು ಎಳೆಯುವ ಬಲ ದೊರೆಯುತ್ತದೆ. ಆಗಲೂ ಸಾಗದೆ ಕಿರುಗುಟ್ಟುವ ಶಬ್ದ ಕೇಳಿಬಂದರೆ, ರಿಲೀಫ್ ವಾಲ್ವು ತೆರೆದು ಶಕ್ತಿಯೆಲ್ಲ ಶಾಖವಾಗುತ್ತಿದೆಯೆಂದು ಅರ್ಥ. ತಕ್ಷಣ ನಿಲ್ಲಿಸಿ ಕೆಳಗಿನ ರೇಂಜಿಗೆ ಬರಬೇಕು. ಉಳುಮೆಗೂ ಲೋಡರ್ ಕೆಲಸಕ್ಕೂ ಕೆಳಗಿನ ರೇಂಜು, ರಸ್ತೆಯ ಓಡಾಟಕ್ಕೆ ಮಾತ್ರ ಮೇಲಿನ ರೇಂಜು ಎಂಬುದು ಸಾಮಾನ್ಯ ನಿಯಮ.

ಉಪಕರಣ ಜೋಡಣೆ

ಕಂಪ್ಯಾಕ್ಟ್ ಟ್ರ್ಯಾಕ್ಟರುಗಳ ಮೂರು ಬಿಂದುಗಳ ಜೋಡಣೆಯು ಹೆಚ್ಚಾಗಿ ಕೆಟಗರಿ-1 ಅಳತೆಯದು. ಇದರಲ್ಲಿ ಕೆಳಗಿನ ಎರಡು ಪಿನ್ನುಗಳು 22 ಮಿ.ಮೀ., ಮೇಲಿನ ಪಿನ್ನು 19 ಮಿ.ಮೀ. ವ್ಯಾಸದವು. ಕೆಳಗಿನ ರೇಂಜಿನಲ್ಲಿ ಪೆಡಲ್ಲನ್ನು ಮೆಲ್ಲಗೆ ಒತ್ತಿ ಹಿಂದಕ್ಕೆ ಬರಬೇಕು. ಆ ವೇಳೆ ಟ್ರ್ಯಾಕ್ಟರಿಗೂ ಉಪಕರಣಕ್ಕೂ ನಡುವೆ ಯಾರೂ ನಿಂತಿರಕೂಡದು. ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿದ ಮೇಲೆ ಮೊದಲು ಎಡಗಡೆಯ ಕೆಳತೋಳು, ಅನಂತರ ಎತ್ತರ ಹೊಂದಿಸಲು ಬರುವ ಬಲಗಡೆಯ ತೋಳು, ಕೊನೆಯಲ್ಲಿ ಟಾಪ್ ಲಿಂಕ್ ಜೋಡಿಸಬೇಕು. ಬಿಚ್ಚುವಾಗ ಉಪಕರಣವನ್ನು ಸಮನೆಲದ ಮೇಲೆ ಇಳಿಸಿ, ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು.

ರೋಟಾವೇಟರಿನಂತಹ ಉಪಕರಣಗಳಿಗೆ ಶಕ್ತಿ ಒದಗಿಸುವ ಹಿಂಬದಿಯ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಇದನ್ನು ಪೂರ್ಣ ಥ್ರಾಟಲ್ಲಿನಲ್ಲಿ ಚಾಲೂ ಮಾಡಿದರೆ ನಿಂತಿದ್ದ ಭಾರವಾದ ಉಪಕರಣವು ಒಮ್ಮೆಲೇ ವೇಗ ಪಡೆಯಬೇಕಾಗಿ ಕ್ಲಚ್ಚಿಗೂ ಶಾಫ್ಟಿಗೂ ತೀವ್ರ ಪೆಟ್ಟು ಬೀಳುತ್ತದೆ. ಇಂಜಿನ್ನನ್ನು ಕಡಿಮೆ ವೇಗದಲ್ಲಿಟ್ಟು, ಉಪಕರಣವು ಮಣ್ಣಿಗೆ ತಾಗದಂತೆ ತುಸುವೇ ಎತ್ತಿ, ಪಿ.ಟಿ.ಓ. ಕೂಡಿಸಿ, ಅನಂತರ ಮೀಟರಿನಲ್ಲಿ ಗುರುತಿಸಿರುವ 540ರ ಮಟ್ಟಕ್ಕೆ ಥ್ರಾಟಲ್ಲು ಏರಿಸಿ, ಆಮೇಲೆ ಉಪಕರಣವನ್ನು ಮಣ್ಣಿಗಿಳಿಸಬೇಕು. ಕೆಲಸದ ನಡುವೆ ಗತಿ ಕಡಿಮೆ ಮಾಡಬೇಕಾದರೆ ಪೆಡಲ್ಲನ್ನು ಸಡಿಲಿಸಬೇಕೇ ಹೊರತು ಥ್ರಾಟಲ್ಲನ್ನು ಇಳಿಸಬಾರದು. ಉಪಕರಣದ ವೇಗ ಬದಲಾಗದೆ ಟ್ರ್ಯಾಕ್ಟರಿನ ಗತಿ ಮಾತ್ರ ಬದಲಾಗುವುದೇ ಈ ಮಾದರಿಯ ಮುಖ್ಯ ಪ್ರಯೋಜನ.

ಸುರಕ್ಷತೆ

ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಸುಮಾರು 35 ಮಿ.ಮೀ. ವ್ಯಾಸದ ಶಾಫ್ಟಿಗೆ ಸಿಕ್ಕಿದ ಪಂಚೆಯ ಅಥವಾ ಸೀರೆಯ ಅಂಚು ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರಿನಷ್ಟು ಸುತ್ತಿಕೊಳ್ಳುತ್ತದೆ. ಶಾಫ್ಟಿನ ದಪ್ಪನಾದ ಕೀಲಿನ ಬಳಿ ಇದು ಇನ್ನೂ ಹೆಚ್ಚು. ಕೂಗಿ ಕರೆಯುವಷ್ಟು ಸಮಯವೂ ಉಳಿಯುವುದಿಲ್ಲ. ಆದ್ದರಿಂದ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ತೆಗೆಯುವುದಾಗಲಿ, ಚಾಲಕ ಆಸನ ಬಿಟ್ಟೊಡನೆ ಇಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಅಡ್ಡ ತಂತಿ ಹಾಕುವುದಾಗಲಿ ಯಾವ ಕಾರಣಕ್ಕೂ ಸಲ್ಲದು.

ವರ್ತಕರು ಮತ್ತು ತಯಾರಕರ ಹೊಣೆ

ಉಪಕರಣ ತಯಾರಕರು ಶಾಫ್ಟಿನ ಷಿಯರ್ ಬೋಲ್ಟಿನ ಗಾತ್ರವನ್ನೂ ದರ್ಜೆಯನ್ನೂ ಉಪಕರಣದ ಮೇಲೆಯೇ ನಮೂದಿಸಬೇಕು. ಕಲ್ಲು ತಾಗಿದಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುವುದೇ ಆ ಬೋಲ್ಟಿನ ಕೆಲಸ. ಅಂಗಡಿಯಲ್ಲಿ ಸಿಕ್ಕ ಗಟ್ಟಿ ಬೋಲ್ಟು ಹಾಕಿದರೆ ಮುರಿಯುವುದು ಗೇರ್‌ಬಾಕ್ಸೇ. ವರ್ತಕರು ಗ್ರಾಹಕರಿಗೆ ಯಂತ್ರದ ಮಿತಿಯನ್ನೂ ತಿಳಿಸುವುದು ಒಳಿತು: ಗೇರ್ ಮಾದರಿಗಿಂತ ಹೈಡ್ರೋಸ್ಟಾಟಿಕ್‌ನಲ್ಲಿ ಹೆಚ್ಚು ಶಕ್ತಿ ಶಾಖವಾಗಿ ವ್ಯಯವಾಗುವುದರಿಂದ, ದಿನವಿಡೀ ಉಳುಮೆ ಮಾಡುವವರಿಗೆ ಗೇರ್ ಟ್ರ್ಯಾಕ್ಟರೇ ಮಿತವ್ಯಯಿ. ಹಿಂದೆ ಮುಂದೆ ಪದೇ ಪದೇ ಚಲಿಸಬೇಕಾದ ತೋಟದ ಮತ್ತು ಲೋಡರ್ ಕೆಲಸಕ್ಕೆ ಹೈಡ್ರೋಸ್ಟಾಟಿಕ್ ಸೂಕ್ತ. ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಳಸಿ, ಸೂಚಿಸಿದ ಗಂಟೆಗಳಿಗೆ ಫಿಲ್ಟರು ಬದಲಿಸುವುದು ಪಂಪಿನ ಆಯುಷ್ಯದ ದೃಷ್ಟಿಯಿಂದ ಅನಿವಾರ್ಯ.

ಯಂತ್ರದೊಂದಿಗೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಅದು ಬೀರುವಿನಲ್ಲಿ ಉಳಿಯುವುದೇ ಹೆಚ್ಚು. "ನಿಲ್ಲಿಸಿ, ಬಳಿಕ ರೇಂಜ್ ಬದಲಿಸಿ, ಭಾರವಾದರೆ ಪೆಡಲ್ ಸಡಿಲಿಸಿ, ನಿಧಾನ ವೇಗದಲ್ಲಿ ಪಿ.ಟಿ.ಓ. ಕೂಡಿಸಿ" ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಮುದ್ರಿಸಿ ಚಾಲಕನ ಕಣ್ಣೆದುರು ಅಂಟಿಸಲು ತಗಲುವ ವೆಚ್ಚ ಅತ್ಯಲ್ಪ. ಅದರಿಂದ ಗ್ರಾಹಕನಿಗೆ ಒಂದು ಗೇರ್‌ಬಾಕ್ಸು ಉಳಿದರೂ, ಒಬ್ಬ ಚಾಲಕನ ಕೈ ಉಳಿದರೂ ಆ ವೆಚ್ಚ ಸಾರ್ಥಕವೇ ಸರಿ.