ಮಕ್ಕಳಾದ ಮೇಲೆ ಮದುವೆ: ನಾಚಿಕೆ ಬೇಡ, ತಯಾರಿ ಬೇಕು



ಕೆಲವು ವರ್ಷಗಳ ಹಿಂದೆ ಒಂದು ಕಾಫಿ ತೋಟದ ಲೈನು ಮನೆಗಳ ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದರು. ಒಬ್ಬಳು ಮಾತ್ರ ಕೂತೇ ಇದ್ದಳು. ಉಳಿದವರು ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಸಿಸ್ಟರ್, ನಮ್ದು ಮದ್ವೆ ಅಂತ ಆಗಿಲ್ಲ. ದೊಡ್ಡೋಳಿಗೆ ಎಂಟು ವರ್ಷ, ಸಣ್ಣೋನಿಗೆ ಮೂರು. ಈಗ ಮಾಡ್ಕೋಬೋದಾ? ಜನ ನಗಲ್ವಾ?"

ಅವಳು ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ಪಕ್ಕದ ಲೈನಿನಲ್ಲಿ ಮೆಣಸು ಕೊಯ್ಯಲು ಮರ ಹತ್ತಿದ್ದ ಒಬ್ಬ ಕೂಲಿಕಾರ ಏಣಿ ಜಾರಿ ಬಿದ್ದು ತೀರಿಕೊಂಡಿದ್ದ. ಹನ್ನೊಂದು ವರ್ಷ ಅವನ ಜೊತೆ ಬಾಳಿ ಎರಡು ಮಕ್ಕಳನ್ನು ಹೆತ್ತವಳಿಗೆ ಹೋದ ಕಚೇರಿಯಲ್ಲೆಲ್ಲ ಒಂದೇ ಪ್ರಶ್ನೆ: "ನೀವು ಅವರಿಗೆ ಏನಾಗಬೇಕು?" ಹೆಂಡತಿ ಎಂದರೆ "ದಾಖಲೆ ಕೊಡಿ" ಎನ್ನುತ್ತಿದ್ದರು. ಪುಣ್ಯಕ್ಕೆ ಮಕ್ಕಳ ಜನನ ಪತ್ರದಲ್ಲಿ ತಂದೆಯ ಹೆಸರಿತ್ತು, ಮಕ್ಕಳ ಪಾಲು ಉಳಿಯಿತು. ಅವಳು ತನ್ನ ಪಾಲಿಗಾಗಿ ಸಾಕ್ಷಿಗಳನ್ನು ಹುಡುಕಿಕೊಂಡು ವರ್ಷಗಟ್ಟಲೆ ಅಲೆದಳು.

ಹಾಗಾಗಿ ನನ್ನ ಉತ್ತರ: ಧಾರಾಳವಾಗಿ ಮಾಡ್ಕೋಬೋದು. ಮಾಡ್ಕೊಳ್ಳಬೇಕು. ಆದರೆ ಮಕ್ಕಳಿರುವ ಮನೆಯ ಮದುವೆಗೆ ತಯಾರಿ ಬೇರೆ ತರಹ ಬೇಕು.

ಇಂತಹ ಮದುವೆ ಹೊಸದೇನಲ್ಲ

ನಮ್ಮ ಸಂಘಗಳಲ್ಲಿ ಎರಡು ರೀತಿಯ ಜೋಡಿಗಳಿವೆ. ಬಡತನದಿಂದಲೋ, ಜಾತಿ ಅಡ್ಡಬಂದೋ, ಮನೆಬಿಟ್ಟು ಬಂದೋ ಮದುವೆಯ ಶಾಸ್ತ್ರವಿಲ್ಲದೆ ಸಂಸಾರ ಹೂಡಿದವರು ಒಂದು. ಗಂಡನನ್ನು ಕಳೆದುಕೊಂಡು ಅಥವಾ ವಿಚ್ಛೇದನವಾಗಿ, ಮಕ್ಕಳೊಂದಿಗೆ ಮರುಮದುವೆಯಾಗುವವರು ಇನ್ನೊಂದು.

ಮರುಮದುವೆ ನಮ್ಮ ನಾಡಿನ ಎಷ್ಟೋ ಸಮುದಾಯಗಳಲ್ಲಿ ಹಿಂದಿನಿಂದಲೂ ಇದೆ. ಕೂಡಿಕೆ, ಉಡಿಕೆ, ಸೀರುಡಿಕೆ ಎಂದೆಲ್ಲ ಅದಕ್ಕೆ ಹೆಸರು. ಆದರೆ ಅದನ್ನು ಮಾಡುತ್ತಿದ್ದ ರೀತಿ ನೆನೆದರೆ ಸಂಕಟವಾಗುತ್ತದೆ. ಹೆಚ್ಚಾಗಿ ರಾತ್ರಿ ಹೊತ್ತು, ಓಲಗ ಇಲ್ಲದೆ ನಡೆಯುತ್ತಿತ್ತು. ಮುತ್ತೈದೆಯರು ಹತ್ತಿರ ಬರುತ್ತಿರಲಿಲ್ಲ. ಬಹಳ ಕಡೆ ಮೊದಲ ಗಂಡನ ಮಕ್ಕಳನ್ನು ಅವನ ಮನೆಯಲ್ಲೇ ಬಿಟ್ಟು ಹೋಗಬೇಕಿತ್ತು. ತಾಯಿಗೆ ಹೊಸ ಬಾಳು ಸಿಕ್ಕ ರಾತ್ರಿಯೇ ಮಕ್ಕಳು ತಾಯಿಯನ್ನು ಕಳೆದುಕೊಳ್ಳುತ್ತಿದ್ದರು. ಇಂದು ನಾವು ಮಾಡುವ ಮದುವೆ ಹಗಲಲ್ಲಿ, ಮಕ್ಕಳ ಎದುರಿಗೆ, ಮಕ್ಕಳ ಜೊತೆಗೇ ಆಗಲಿ.

"ಅಪ್ಪ ಅಮ್ಮನ ಮದ್ವೆ ಮಕ್ಕಳು ನೋಡ್ಬಾರ್ದು" ಎನ್ನುವ ಹಿರಿಯರಿದ್ದಾರೆ. ಅವರೊಂದಿಗೆ ಜಗಳ ಬೇಡ. ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ ಮಾಡುವಾಗ ಮಕ್ಕಳು ಮೊಮ್ಮಕ್ಕಳೇ ಮುಂದೆ ನಿಂತು ತಾಳಿ ಕಟ್ಟಿಸುವುದಿಲ್ಲವೇ, ಅಲ್ಲಿ ಇಲ್ಲದ ದೋಷ ಇಲ್ಲಿ ಎಲ್ಲಿಂದ ಬಂತು ಎಂದು ಕೇಳಿ.

ಮೊದಲು ಹೇಳಬೇಕಾದದ್ದು ಮಕ್ಕಳಿಗೆ

ಮದುವೆ ಸುದ್ದಿ ಊರಿಗೆ ಹೋಗುವ ಮುಂಚೆ ನಿಮ್ಮ ಬಾಯಿಂದಲೇ ಮಕ್ಕಳಿಗೆ ತಿಳಿಯಬೇಕು. ಇಲ್ಲದಿದ್ದರೆ ಶಾಲೆಯಲ್ಲಿ ಯಾರೋ ಒಬ್ಬ "ನಿಮ್ಮಪ್ಪ ಅಮ್ಮಂದು ಈಗ ಮದ್ವೆಯಂತೆ" ಎಂದು ನಕ್ಕಾಗ ಅದು ಮಗುವಿನ ಎದೆಗೆ ಚುಚ್ಚುತ್ತದೆ.

ಮೂರು ನಾಲ್ಕು ವರ್ಷದ ಮಗುವಿಗೆ "ನಮ್ಮನೇಲಿ ಹಬ್ಬ, ಹೊಸ ಬಟ್ಟೆ" ಎಂದರೆ ಸಾಕು. ಏಳೆಂಟು ವರ್ಷದ ಮಗು ಪ್ರಶ್ನೆ ಕೇಳುತ್ತದೆ. "ನಾವು ಆಗ್ಲೇ ಒಂದು ಸಂಸಾರ. ಆಗ ದುಡ್ಡಿರ್ಲಿಲ್ಲ, ಯಾರೂ ಸೇರ್ಲಿಲ್ಲ. ಅದಕ್ಕೆ ಈಗ ಎಲ್ಲರ ಮುಂದೆ ಮಾಡ್ತಿದೀವಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಹತ್ತು ದಾಟಿದ ಮಗು ಏನೂ ಕೇಳದೆ ಸುಮ್ಮನಾಗಬಹುದು. ಸುಮ್ಮನಿದೆ ಎಂದರೆ ಒಪ್ಪಿದೆ ಎಂದಲ್ಲ. ಅದನ್ನು ಒಂಟಿಯಾಗಿ ಕೂರಿಸಿಕೊಂಡು ಮಾತಾಡಿ.

ಮರುಮದುವೆಯಾದರೆ ಇನ್ನೂ ಜೋಪಾನ. ಹೊಸದಾಗಿ ಬಂದವರನ್ನು "ಅಪ್ಪ ಅನ್ನು", "ಅಮ್ಮ ಅನ್ನು" ಎಂದು ಮೊದಲ ದಿನವೇ ಒತ್ತಾಯಿಸಬೇಡಿ. ಮಾಮ, ಚಿಕ್ಕಪ್ಪ, ಚಿಕ್ಕಮ್ಮ, ಏನು ಬಾಯಿಗೆ ಬರುತ್ತದೋ ಹಾಗೆ ಕರೆಯಲಿ. ತೀರಿಕೊಂಡ ತಂದೆಯ ಫೋಟೋವನ್ನು ಗೋಡೆಯಿಂದ ತೆಗೆಯಬೇಡಿ. ಆ ಫೋಟೋ ಇರುವ ಮನೆಯಲ್ಲಿ ಇರಬಲ್ಲೆ ಎನ್ನುವ ಗಂಡಸಾದರೆ ಅರ್ಧ ಚಿಂತೆ ಕಳೆಯಿತು.

ಇನ್ನೊಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಬರುವವರ ನಡತೆ, ಕುಡಿತ, ಹಿಂದಿನ ಸಂಸಾರ ಏನಾಯಿತು ಎಂದು ವಿಚಾರಿಸಿ. ಮಗು ಅವರ ಹತ್ತಿರ ಹೋಗಲು ಹೆದರಿದರೆ ಬೈಯಬೇಡಿ, ಯಾಕೆಂದು ಕೇಳಿ. ಮಕ್ಕಳಿಗೆ ತೊಂದರೆ ಎನಿಸಿದರೆ 1098ಕ್ಕೆ ಫೋನ್ ಮಾಡಬಹುದು.

ನಮ್ಮದು ಯಾವ ದಾರಿ?

ದಿನ ಗೊತ್ತುಮಾಡುವ ಮುಂಚೆ ಇದನ್ನು ತಿಳಿಯಿರಿ.

1. ಶಾಸ್ತ್ರ ಆಗಿದೆ, ನೋಂದಣಿ ಆಗಿಲ್ಲ: ದೇವಸ್ಥಾನದಲ್ಲೋ ಮನೆಯಲ್ಲೋ ನಿಮ್ಮ ಪದ್ಧತಿಯಂತೆ ಮದುವೆ ಆಗಿದ್ದರೆ ನೀವು ಮತ್ತೆ ಮದುವೆ ಆಗಬೇಕಿಲ್ಲ, ನೋಂದಣಿ ಮಾಡಿಸಿದರೆ ಸಾಕು. ಎಲ್ಲ ಧರ್ಮದವರ ಮದುವೆಯೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಆಗಿನ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ.

2. ಯಾವ ಶಾಸ್ತ್ರವೂ ಆಗಿಲ್ಲ: ಬರೀ ಅರ್ಜಿ ತುಂಬಿದರೆ ಹಿಂದೂ ವಿವಾಹ ಆಗುವುದಿಲ್ಲ, ಪದ್ಧತಿಯಂತೆ ಶಾಸ್ತ್ರ ನಡೆದಿರಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಮೊದಲು ಮದುವೆ, ಆಮೇಲೆ ನೋಂದಣಿ. ಕ್ರೈಸ್ತರಾದರೆ ನಿಮ್ಮ ಚರ್ಚಿನ ಗುರುಗಳನ್ನು ಕಾಣಿ, ಮಕ್ಕಳಿದ್ದಾರೆಂದು ಸಂಕೋಚಪಡಬೇಡಿ. ಶಾಸ್ತ್ರವೇ ಬೇಡ ಎನ್ನುವವರಿಗೆ, ಅಥವಾ ಬೇರೆ ಬೇರೆ ಧರ್ಮದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್ ಕೊಡಬೇಕು. ಇದೇ ಕಾಯ್ದೆಯಲ್ಲಿ ಮೊದಲೇ ಶಾಸ್ತ್ರವಾಗಿ ಕೂಡಿ ಬಾಳುತ್ತಿರುವವರೂ ಇಬ್ಬರಿಗೂ 21 ತುಂಬಿದ್ದರೆ ನೋಂದಣಿ ಮಾಡಿಸಬಹುದು. ಆಗ ಶಾಸ್ತ್ರದ ನಂತರ ಹುಟ್ಟಿದ ಮಕ್ಕಳ ಹೆಸರನ್ನೂ ವಿವಾಹ ಪುಸ್ತಕದಲ್ಲಿ ಬರೆಯುತ್ತಾರೆ.

3. ಒಬ್ಬರಿಗೆ ಹಿಂದಿನ ಮದುವೆ ಇದೆ: ಮೊದಲ ಸಂಬಂಧ ಕಾನೂನು ಪ್ರಕಾರ ಮುಗಿಯದೆ ಮತ್ತೊಂದು ಮದುವೆ ಆಗುವುದು ಅಪರಾಧ. ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ. "ಹತ್ತು ವರ್ಷದಿಂದ ಬಂದಿಲ್ಲ", "ಪಂಚಾಯ್ತೀಲಿ ಬರ್ಕೊಟ್ಟಿದಾರೆ" ಎಂದು ನಂಬಿ ಕೂರಬೇಡಿ, ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಒಂದು ಎಚ್ಚರಿಕೆ. ಮಗು ಹುಟ್ಟುವ ಮುಂಚೆಯೇ ಮದುವೆ ಆಗಿತ್ತೆಂದು ತೋರಿಸಲು ಸುಳ್ಳು ದಿನಾಂಕ ಬರೆಸಬೇಡಿ. ಬರೆಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳಿದ್ದಾರೆ. ನಾಳೆ ಅದೇ ಸುಳ್ಳು ನಿಮ್ಮ ಮಕ್ಕಳಿಗೆ ಮುಳುವಾಗುತ್ತದೆ. ಬಹಳ ಕಾಲ ಗಂಡಹೆಂಡಿರಂತೆ ಬಾಳಿದವರನ್ನು ಮದುವೆಯಾದವರೆಂದೇ ಊಹಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಹೇಳಿದೆ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 2023ರಲ್ಲಿ, ಕಾನೂನು ಒಪ್ಪದ ಹಿಂದೂ ಮದುವೆಯ ಮಕ್ಕಳಿಗೂ ತಂದೆತಾಯಿಯ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂದಿದೆ. ಮಕ್ಕಳ ಹಕ್ಕಿಗೆ ಸುಳ್ಳು ಬೇಕಿಲ್ಲ. ಆದರೆ ಕೋರ್ಟಿಗೆ ಹೋಗಿ ಇದನ್ನೆಲ್ಲ ಸಾಬೀತು ಮಾಡುವುದಕ್ಕಿಂತ ಕೈಯಲ್ಲಿ ಒಂದು ಪತ್ರ ಇರುವುದು ಸುಲಭ.

ಖರ್ಚಿನ ಲೆಕ್ಕ

ಮೊದಲ ಮದುವೆಯಲ್ಲಿ ಅಪ್ಪ ಸಾಲ ತೀರಿಸುತ್ತಾನೆ. ಈ ಮದುವೆಯ ಸಾಲ ನಿಮ್ಮ ಮಕ್ಕಳ ಹಾಲು, ಪುಸ್ತಕದ ದುಡ್ಡಿನಿಂದಲೇ ಹೋಗುವುದು. ಆದ್ದರಿಂದ ಮೊದಲು ಮಕ್ಕಳ ಈ ವರ್ಷದ ಶಾಲೆ ಖರ್ಚನ್ನು ಬೇರೆ ಎತ್ತಿಡಿ. ಉಳಿದುದರಲ್ಲಿ ಮದುವೆ.

ಅಂದಾಜು ಹೀಗೆ ಹಾಕಿ: 80 ಜನರ ಊಟ, ತಲೆಗೆ 130 ರೂ.ನಂತೆ 10,400. ನಾಲ್ಕು ಜನಕ್ಕೆ ಬಟ್ಟೆ 9,000. ಹೂವು ಹಾರ 1,500. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ 5,000. ಫೋಟೋ 3,000. ವಾಹನ 2,500. ನೋಂದಣಿ, ಜೆರಾಕ್ಸ್, ಓಡಾಟ 1,600. ಒಟ್ಟು 33,000. ನಿಮ್ಮ ಊರಿನ ದರ ಬೇರೆ ಇರಬಹುದು. ಆದರೆ ಬರೆದು ಕೂಡಿಸಿದರೆ ಮಾತ್ರ ಎಲ್ಲಿ ಕಡಿಮೆ ಮಾಡಬಹುದೆಂದು ಕಾಣುತ್ತದೆ.

ಒಂದು ಲಕ್ಷ ಕೈಸಾಲ ಮಾಡಿ ನೂರಕ್ಕೆ ಐದರಂತೆ ಬಡ್ಡಿ ಕಟ್ಟಿದರೆ ವರ್ಷಕ್ಕೆ ಬಡ್ಡಿಯೇ 60,000. ಅದೇ 33,000ವನ್ನು ಸಂಘದಿಂದ ನೂರಕ್ಕೆ ಒಂದರಂತೆ ತೆಗೆದರೆ ಮೊದಲ ತಿಂಗಳ ಬಡ್ಡಿ 330 ರೂಪಾಯಿ, ಕಂತು ಕಟ್ಟಿದಂತೆ ಅದೂ ಇಳಿಯುತ್ತದೆ. ಸಾಮೂಹಿಕ ವಿವಾಹಕ್ಕೆ ಸೇರುವುದಾದರೆ ಮಕ್ಕಳಿರುವ ಜೋಡಿಯನ್ನು ಸೇರಿಸುತ್ತಾರಾ ಎಂದು ಮೊದಲೇ ಕೇಳಿ. ಅರ್ಜಿಯಲ್ಲಿ ಮಕ್ಕಳನ್ನು ಮುಚ್ಚಿಡಬೇಡಿ.

ಮದುವೆ ದಿನ

ಮುಹೂರ್ತ ಬೆಳಿಗ್ಗೆ ಬೇಗ ಇರಲಿ. ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಹಸಿವು, ನಿದ್ದೆ, ರಂಪ. ಮಕ್ಕಳಿಗೆ ಮೊದಲೇ ತಿಂಡಿ ತಿನ್ನಿಸಿ. ಒಬ್ಬೊಬ್ಬ ಮಗುವಿಗೂ ಒಬ್ಬೊಬ್ಬರನ್ನು ಹೆಸರು ಹಿಡಿದು ಗೊತ್ತುಮಾಡಿ. "ಯಾರಾದ್ರೂ ನೋಡ್ಕೋತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಮಗು ಅತ್ತು ತಾಯಿಯ ಮಡಿಲಿಗೇ ಬಂದರೆ ಬರಲಿ. ಮಗುವನ್ನು ಎತ್ತಿಕೊಂಡ ಮದುಮಗಳಿಗೆ ಯಾವ ಕುಂದೂ ಇಲ್ಲ. ಅಕ್ಷತೆ ತಟ್ಟೆ ಹಿಡಿಯುವುದು, ಪಾನಕ ಕೊಡುವುದು, ಹಾರ ತಂದುಕೊಡುವುದು ಇಂತಹ ಕೆಲಸ ಮಕ್ಕಳಿಗೆ ಕೊಡಿ. ಒಲ್ಲೆ ಎಂದರೆ ಬಿಡಿ. ಎರಡೂ ಕಡೆ ಮಕ್ಕಳಿದ್ದರೆ ಎಲ್ಲರಿಗೂ ಒಂದೇ ಬೆಲೆಯ ಬಟ್ಟೆ ತನ್ನಿ. ಮಕ್ಕಳು ಇದನ್ನು ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ಮದುವೆ ಮುಗಿದ ಮೇಲೆ

ಊಟ ಮುಗಿಯಿತೆಂದು ಕೆಲಸ ಮುಗಿಯಲಿಲ್ಲ. ವಿವಾಹ ಪತ್ರ ಕೈಗೆ ಬಂದ ಮೇಲೆ ರೇಷನ್ ಕಾರ್ಡ್, ಬ್ಯಾಂಕ್ ಮತ್ತು ಪಿ.ಎಫ್. ನಾಮಿನಿ, ವಿಮೆ, ಎಲ್ಲವನ್ನೂ ಸರಿಪಡಿಸಿ. ಮಗುವಿನ ಜನನ ಪತ್ರದಲ್ಲಿ ಹೆತ್ತ ತಂದೆಯ ಹೆಸರು ಬಿಟ್ಟುಹೋಗಿದ್ದರೆ ಜನನ ನೋಂದಣಿ ಮಾಡಿದ ಕಚೇರಿಗೆ ಇಬ್ಬರೂ ಹೋಗಿ ಕೇಳಿ.

ಮರುಮದುವೆಯಾದವರು ಮಾತ್ರ ತೀರಿಕೊಂಡ ತಂದೆಯ ಹೆಸರು ತೆಗೆಸಿ ಹೊಸ ಗಂಡನ ಹೆಸರು ಹಾಕಿಸಲು ಹೋಗಬೇಡಿ. ಹೆತ್ತ ತಂದೆಯ ಆಸ್ತಿಯಲ್ಲಿ ಮಕ್ಕಳ ಹಕ್ಕು ತಾಯಿಯ ಮರುಮದುವೆಯಿಂದ ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಮಲತಂದೆಯ ಆಸ್ತಿಗೆ ಆ ಮಕ್ಕಳು ನೇರ ವಾರಸುದಾರರಲ್ಲ. ಅವರು ಕೊಡಲು ಮನಸ್ಸು ಮಾಡಿದರೆ ಉಯಿಲು ಬರೆಯಬೇಕು, ಇಲ್ಲವೇ ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳಬೇಕು. ಬಾಯಿಮಾತು ಸಾಲದು. ವಿಧವಾ ವೇತನ ಮರುಮದುವೆಯ ನಂತರ ನಿಲ್ಲುತ್ತದೆ. ಮುಚ್ಚಿಟ್ಟು ಪಡೆಯಬೇಡಿ, ಅದನ್ನು ಬಿಟ್ಟೇ ಮನೆ ಖರ್ಚಿನ ಲೆಕ್ಕ ಹಾಕಿ. ಪಿ.ಎಫ್. ಪಿಂಚಣಿಯಲ್ಲಿ ಮಕ್ಕಳ ಪಾಲು 25 ವರ್ಷದವರೆಗೆ ಅವರದೇ.

ಸಂಘ ಏನು ಮಾಡಬಹುದು?

ಸಾಕ್ಷಿಗೆ ಸದಸ್ಯೆಯರೇ ನಿಲ್ಲಬಹುದು. ಅಡುಗೆ, ಪಾತ್ರೆ, ಮಕ್ಕಳನ್ನು ನೋಡಿಕೊಳ್ಳುವುದು ಹಂಚಿಕೊಂಡರೆ ಅರ್ಧ ಖರ್ಚು ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನಿಂದ ಆಡಿಕೊಂಡು ನಗುವ ಬಾಯಿಗಳನ್ನು ಸಂಘವೇ ಮುಚ್ಚಿಸಬೇಕು.

ಅಂದು ಕೇಳಿದ ಆ ತಂಗಿಯ ಮದುವೆ ಒಂದು ಭಾನುವಾರ ಲೈನಿನ ಅಂಗಳದಲ್ಲೇ ಆಯಿತು. ಸಂಘದ ಹನ್ನೆರಡು ಜನ ಅಡುಗೆ ಮಾಡಿದರು. ಸಣ್ಣವನು ತಾಳಿ ಕಟ್ಟುವ ಹೊತ್ತಿಗೆ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದ. ದೊಡ್ಡವಳು ಅಕ್ಷತೆ ತಟ್ಟೆ ಹಿಡಿದಿದ್ದಳು. ಮರುವಾರ ನೋಂದಣಿ ಕಚೇರಿಗೂ ಜೊತೆಗೆ ಬಂದಳು. ಅಮ್ಮ ಸಹಿ ಮಾಡಿದ್ದನ್ನು ನೋಡಿ "ಸಿಸ್ಟರ್, ನಾನೂ ಒಂದು ಸೈನ್ ಹಾಕ್ಲಾ?" ಎಂದಳು. ಅಲ್ಲಿ ಹಾಕುವಂತಿರಲಿಲ್ಲ. ಮುಂದಿನ ಸಭೆಯಲ್ಲಿ ಮದುವೆಯ ವಿಷಯ ಬರೆದ ನಮ್ಮ ನಡಾವಳಿಯ ಕೆಳಗೆ ಅವಳ ಕೈಯಲ್ಲೇ ಹೆಸರು ಬರೆಸಿದೆವು.

ಸಭೆಯಲ್ಲಿ ಚರ್ಚಿಸಿ:
1. ನಮ್ಮ ಸಂಘದಲ್ಲಿ ಎಷ್ಟು ಜನರ ಮದುವೆ ನೋಂದಣಿ ಆಗಿದೆ?
2. ನಮ್ಮ ಮಕ್ಕಳ ಜನನ ಪತ್ರಗಳಲ್ಲಿ ತಂದೆತಾಯಿಯ ಹೆಸರು ಸರಿಯಾಗಿದೆಯೇ? ಮುಂದಿನ ಸಭೆಗೆ ತಂದು ಎಲ್ಲರೂ ಕೂತು ನೋಡೋಣವೇ?
3. ಮಕ್ಕಳಿರುವ ಜೋಡಿ ಮದುವೆಯಾದರೆ ನಾವು ನಗುತ್ತೇವೆಯೋ, ಕೈಜೋಡಿಸುತ್ತೇವೆಯೋ?