ಬಾಗೇವಾಡಿಯ ಬೀದಿಬದಿಯ ದುಡಿಮೆ

ವಿಜಯಪುರದಿಂದ ಆಗ್ನೇಯಕ್ಕೆ ಸುಮಾರು 43 ಕಿಲೋಮೀಟರು ದೂರದಲ್ಲಿ, ಜೋಳ ತೊಗರಿಗಳ ಎರೆಭೂಮಿಯ ನಡುವೆ ನೆಲೆಸಿರುವ ಬಸವನ ಬಾಗೇವಾಡಿಗೆ ಬಂದಿಳಿಯುವ ಯಾತ್ರಿಕರು, ಮಾದರಸ ಮಾದಲಾಂಬಿಕೆಯರ ಪುತ್ರನು ಜನಿಸಿದ ನೆಲವಿದೆಂಬ ಭಕ್ತಿಯಿಂದ ಬಸವೇಶ್ವರನ ಗುಡಿಗೆ ಕೈಮುಗಿದು, ಸ್ಮಾರಕವನ್ನು ನೋಡಿ, ಸಂಜೆಯೊಳಗೆ ಕೂಡಲಸಂಗಮದ ಹಾದಿ ಹಿಡಿಯುವುದು ವಾಡಿಕೆ. ಕಾಯಕವನ್ನು ಕುರಿತ ಉಪನ್ಯಾಸಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ; ಕಾಯಕವೇ ನಡೆಯುವ ಸ್ಥಳಗಳಾದರೋ ಗುಡಿಯ ಸುತ್ತಣ ಬೀದಿಗಳು, ಬಸ್ ನಿಲ್ದಾಣದ ಆಸುಪಾಸು ಮತ್ತು ಸಂತೆಯ ಬಯಲು.

ಅಲ್ಲಿ ಅಂಗಡಿಗೆ ಗೋಡೆ ಬಾಗಿಲುಗಳ ಹಂಗಿಲ್ಲ. ಗೋಣಿತಟ್ಟಿನ ಮೇಲೆ ಒಟ್ಟಿದ ಉಳ್ಳಾಗಡ್ಡಿ, ಕೈಗಾಡಿಯ ಮೇಲಣ ಚುರಮುರಿ, ಕಾದೆಣ್ಣೆಯ ಮಿರ್ಚಿಭಜಿ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ಶ್ರಾವಣದ ಜಾತ್ರೆ ಬಂತೆಂದರೆ ಇವುಗಳ ಜೊತೆಗೆ ಬಳೆ, ಬೆಂಡು ಬತ್ತಾಸು. ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸುವವರು ರೊಟ್ಟಿ ಬಡಿಯುವ ಹೆಂಗಸರು. ನಸುಕಿನಲ್ಲೆದ್ದು, ಕುದಿಯುವ ಎಸರಿನಲ್ಲಿ ಜೋಳದ ಹಿಟ್ಟನ್ನು ಕಲಸಿ ನಾದಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಕಾಗದದಷ್ಟು ತೆಳುವಾಗಿಸಿ, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಮೇಲೆ ಸವರಿ, ಬೆಂದದ್ದನ್ನು ಒಲೆಯ ಬದಿಗೆ ನಿಲ್ಲಿಸಿ ಕಡಕ್ ಆಗುವಂತೆ ಒಣಗಿಸಿದರೆ, ಆ ರೊಟ್ಟಿ ವಾರಗಟ್ಟಲೆ ಕೆಡದು. ಖಾನಾವಳಿಗೂ ಮದುವೆಮನೆಗೂ, ಗೋವೆಗೆ ದುಡಿಯಹೊರಟವರ ಬುತ್ತಿಯ ಗಂಟಿಗೂ ಸೇರುವ ಈ ಸರಕಿನ ಬೆಲೆಯಲ್ಲಿ ಹಿಟ್ಟು, ಉರುವಲುಗಳು ಲೆಕ್ಕಕ್ಕೆ ಬರುತ್ತವೆ; ಬಡಿದವಳ ಸೊಂಟನೋವು ಬರುವುದಿಲ್ಲ.

ಬಂಡವಾಳದ ಮಾತು ಬಂದರೆ ಉದ್ರಿಯೇ ಇಲ್ಲಿಯ ಬ್ಯಾಂಕು. “ಅಕ್ಕಾರ, ಸಂತಿ ಮುಗದ ಮ್ಯಾಗ ರೊಕ್ಕಾ ಕೊಡ್ತೀನ್ರಿ” ಎಂದರೆ ಸಾಲಪತ್ರ ಬರೆದುಕೊಟ್ಟಂತೆಯೇ. ಹತ್ತಾರು ಹೆಂಗಸರು ಸಮಪಾಲು ಹಣ ಹಾಕಿ, ಸರದಿಯಂತೆ ಒಬ್ಬಳು ಮೊತ್ತವನ್ನೆಲ್ಲ ಎತ್ತುವ ಭಿಶಿಯಿಂದ ಹೊಲಿಗೆಯಂತ್ರವೋ ಎಮ್ಮೆಯೋ ಮನೆಗೆ ಬರುವುದುಂಟು. ಇದನ್ನು ಅವ್ಯವಸ್ಥಿತವೆಂದು ಕರೆಯುವ ಪಂಡಿತರು ಒಮ್ಮೆ ಭಿಶಿಯ ಕಂತು ತಪ್ಪಿಸಿ ನೋಡಬೇಕು.

ಎಮ್ಮೆಯ ಮಾತಿನೊಡನೆ ಕೊಲ್ಹಾರವನ್ನು ನೆನೆಯದಿರಲಾಗದು. ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೆ ಅದು ಬಾಗೇವಾಡಿ ತಾಲ್ಲೂಕಿನದೇ ಊರು. ಅಲ್ಲಿಯ ಮೊಸರಿನ ಮರ್ಮವಿರುವುದು ಹಾಲಿನಲ್ಲಿ ಎಷ್ಟೋ ಅಷ್ಟೇ ಕುಂಬಾರನ ಮಣ್ಣಿನಲ್ಲಿ: ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದ ಹಾಲಿನ ನೀರಿನಂಶವನ್ನು ಗಡಿಗೆಯ ಸೂಕ್ಷ್ಮರಂಧ್ರಗಳು ಹೀರಿಕೊಳ್ಳುವುದರಿಂದ, ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಬೀಳದೆಂದು ಊರವರು ಹೇಳುವಷ್ಟು ಅದು ಗಟ್ಟಿಯಾಗುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಕೊಲ್ಹಾರವು ಮುಳುಗಿ ಜನರು ಹೊಸ ನೆಲೆಗೆ ಹೋದರೂ, ಗಡಿಗೆಯ ವ್ಯಾಪಾರ ಮುಳುಗಲಿಲ್ಲ.

ಇಂಥ ದುಡಿಮೆಯನ್ನು ವಿದ್ವತ್ಪ್ರಪಂಚವು ಗಮನಿಸಿದ್ದು ತಡವಾಗಿ. ಘಾನಾ ದೇಶದ ಅಕ್ರಾ ನಗರದ ಬಡವರ ಗಳಿಕೆಯನ್ನು ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞರು ವಿವರಿಸಿದ ಮೇಲೆ, 1972ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೀನ್ಯಾದ ವರದಿಯಲ್ಲಿ ಇದಕ್ಕೆ ‘ಅನೌಪಚಾರಿಕ ವಲಯ’ ಎಂಬ ಹೆಸರನ್ನು ಸ್ಥಿರಪಡಿಸಿತು. ಅದೇ ವರ್ಷ ಅಹಮದಾಬಾದಿನಲ್ಲಿ ಇಳಾ ಭಟ್ಟರು ಇಂಥ ದುಡಿಮೆಯ ಹೆಂಗಸರ ‘ಸೇವಾ’ ಸಂಘವನ್ನು ಕಟ್ಟಿದರು. ಅದಕ್ಕೂ ಶತಮಾನಗಳ ಹಿಂದೆ ಬಸವಣ್ಣನ ಕಲ್ಯಾಣದಲ್ಲಾದರೋ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನು ಅನುಭಾವಿಗಳ ಸಮಸಮನಾಗಿ ಕುಳಿತಿದ್ದನು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕಟ್ಟಿದ ಲಕ್ಕಮ್ಮನ ಕಥೆಯನ್ನು ಈ ನಾಡಿನಲ್ಲಿ ಅರಿಯದವರಿಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಾಗಿರಬೇಕೆಂದೂ, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದೆಂದೂ ವಿಧಿಸಿದೆ. ಗೋಣಿತಟ್ಟಿನ ಮೇಲೆ ಕುಳಿತವರು ಬೇಡುವುದು ಇದಕ್ಕಿಂತ ಸರಳವಾದದ್ದು: ನೆರಳು, ಕುಡಿಯುವ ನೀರು, ಹೆಂಗಸರಿಗೊಂದು ಶೌಚಾಲಯ. ಬಸವಜಯಂತಿಯ ವೆಚ್ಚವನ್ನು ಅಂದಾಜು ಮಾಡುವವರು ಮಂಟಪಕ್ಕಿಂತ ಮೊದಲು ಈ ಮೂರನ್ನು ಬರೆದುಕೊಳ್ಳಲಿ. ಗುಡಿಗೆ ಬರುವ ಯಾತ್ರಿಕರು ರೊಟ್ಟಿಯ ಕಟ್ಟಿಗೆ ಚೌಕಾಶಿ ಮಾಡದೆ ಹೇಳಿದ ಬೆಲೆಯನ್ನು ಕೊಡಲಿ.